ಹಳೇ ಸೈನ್ಯದ ಪಿಸ್ತೂಲು ಸಂಗ್ರಹ: ಮೊದಲು ಯಾವುದು? ಚಕಮಕಿಯೋ, ಕೇಪಿನದ್ದೋ, ರಿವಾಲ್ವರೋ?

ನಮ್ಮ ಕಡೆಯವರಿಗೆ ಕೋವಿ ಹೊಸತಲ್ಲ. ಸುಳ್ಯ, ಬೆಳ್ತಂಗಡಿ, ಕಾರ್ಕಳದ ಕಡೆ ತೋಟಕ್ಕೆ ಹಂದಿ, ಮಂಗ ಬರುತ್ತವೆಂದು ಲೈಸೆನ್ಸ್ ಕೋವಿ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಚುನಾವಣೆ ಬಂದಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಬೇಕು, ರಶೀದಿ ತರಬೇಕು, ಮತ ಎಣಿಕೆ ಮುಗಿದ ಮೇಲೆ ವಾಪಸ್ ತರಬೇಕು. ಇದೆಲ್ಲ ನಮಗೆ ಅಭ್ಯಾಸ. ಆದರೆ ಇನ್ನೂರು ವರ್ಷ ಹಳೆಯ ಸೈನ್ಯದ ಪಿಸ್ತೂಲೊಂದನ್ನು ಇತಿಹಾಸದ ಮೇಲಿನ ಪ್ರೀತಿಗೆ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರೆ ಹೆಚ್ಚಿನವರಿಗೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುವುದಿಲ್ಲ. ಮಂಗಳೂರು, ಉಡುಪಿಯ ಹುಡುಗರು ಕೆಲವರು ನನ್ನನ್ನು ಈ ಪ್ರಶ್ನೆ ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನ ಕಾನೂನು, ನಮ್ಮ ಊರಿನ ಮಳೆ, ಸಾಮಾನ್ಯ ಸಂಬಳದವರ ಜೇಬು, ಈ ಮೂರನ್ನೂ ಲೆಕ್ಕಕ್ಕೆ ಹಿಡಿದರೆ ಮೊದಲ ಪಿಸ್ತೂಲಾಗಿ 1840ರಿಂದ 1860ರ ನಡುವಿನ, ಬಡಿದರೆ ಸಿಡಿಯುವ ತಾಮ್ರದ ಟೋಪಿ ಹಾಕಿ ಹಾರಿಸುವ ಕೇಪಿನ ಪಿಸ್ತೂಲು ಒಳ್ಳೆಯದು. ಅದಕ್ಕೆ ಕಾಗದಪತ್ರ ಇರಬೇಕು. ಕಲ್ಲಿನ ಕಿಡಿಯಿಂದ ಹೊತ್ತುವ ಚಕಮಕಿ ಪಿಸ್ತೂಲು ಎರಡನೆಯದಾಗಿ ಬರಲಿ. ರಿವಾಲ್ವರ್ ಆಸೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಯಾಕೆ ಎಂದು ಒಂದೊಂದಾಗಿ ನೋಡೋಣ.

ಚಕಮಕಿ ಪಿಸ್ತೂಲು

ನೋಡಲು ಇದರಷ್ಟು ಚಂದದ್ದು ಬೇರೆ ಇಲ್ಲ. ಟ್ರಿಗರ್ ಎಳೆದಾಗ ಬಡಿಯುವ ಭಾಗಕ್ಕೆ ಕುದುರೆ ಎನ್ನುತ್ತಾರೆ. ಅದರ ಬಾಯಿಯಲ್ಲಿ ಚರ್ಮದ ತುಂಡು ಸುತ್ತಿದ ಚಕಮಕಿ ಕಲ್ಲು. ಎದುರಿಗೆ ಉಕ್ಕಿನ ಚಿಕ್ಕ ಹಲಗೆ. ಅದರ ಕೆಳಗೆ ರಂಜಕದ, ಅಂದರೆ ಬೆಂಕಿ ಹತ್ತಿಸುವ ನುಣ್ಣನೆ ಮದ್ದಿನ, ಬಟ್ಟಲು. ಟ್ರಿಗರ್ ಎಳೆದರೆ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ, ಹಲಗೆ ಮುಂದಕ್ಕೆ ಸರಿದು ಬಟ್ಟಲು ತೆರೆದುಕೊಳ್ಳುತ್ತದೆ. ಕಿಡಿ ರಂಜಕಕ್ಕೆ ತಾಗಿ, ನಳಿಗೆಯ ಕಿವಿ ಎಂಬ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ಬೆಂಕಿ ಹೋಗುತ್ತದೆ. ಇಡೀ ಯಂತ್ರ ಹೊರಗಡೆಯೇ ಕಾಣುವುದರಿಂದ ಮಕ್ಕಳಿಗೂ ತೋರಿಸಿ ವಿವರಿಸಬಹುದು.

ಸೈನ್ಯದ ಚಕಮಕಿ ಪಿಸ್ತೂಲುಗಳಲ್ಲಿ ಭಾರತದಲ್ಲಿ ಹೆಸರು ಕೇಳಿಬರುವುದು ಬ್ರಿಟಿಷ್ ಮಾದರಿಗಳದ್ದು. ಕುದುರೆ ಸವಾರರ ನ್ಯೂ ಲ್ಯಾಂಡ್ ಪ್ಯಾಟರ್ನ್‌ಗೆ 9 ಇಂಚಿನ ನಳಿಗೆ, .65 ಬೋರ್, ಅಂದರೆ ನಳಿಗೆಯ ಒಳಗಿನ ಅಗಲ .65 ಇಂಚು. ಓಡುವ ಕುದುರೆ ಮೇಲೆ ಗಜ (ಮದ್ದು, ಗುಂಡು ಒಳಗೆ ತಳ್ಳುವ ಕೋಲು) ಕೈತಪ್ಪಿ ಬೀಳಬಾರದೆಂದು ಅದನ್ನು ನಳಿಗೆಯ ತುದಿಗೇ ಕೀಲು ಹಾಕಿ ಜೋಡಿಸಿರುತ್ತಾರೆ. ಹಡಗಿನವರ ಸೀ ಸರ್ವಿಸ್ ಪಿಸ್ತೂಲು ಬೇರೆ ಥರ. 12 ಇಂಚಿನ ಉದ್ದ ನಳಿಗೆ, .56 ಬೋರ್, ಬದಿಯಲ್ಲಿ ಸೊಂಟದ ಪಟ್ಟಿಗೆ ಸಿಕ್ಕಿಸುವ ಉಕ್ಕಿನ ಕೊಕ್ಕೆ. ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದು ಹಡಗಿಗೆ ಹಾರುವವನಿಗೆ ಆ ಕೊಕ್ಕೆ ಎಷ್ಟು ಉಪಯೋಗ ಅಂತ ನಮ್ಮ ಬಂದರಿನ ದಕ್ಕೆಯಲ್ಲಿ ನಿಂತು ಬೋಟಿಂದ ಬೋಟಿಗೆ ಹಾರುವವರನ್ನು ನೋಡಿದರೆ ತಿಳಿಯುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಪಿಸ್ತೂಲಾದರೆ ಯಂತ್ರ ಜೋಡಿಸಿದ ಬದಿಯ ತಗಡಿನ ಮೇಲೆ ಗುರುತು ನೋಡಬೇಕು. 1808ರ ತನಕ ಹೃದಯದ ಆಕಾರದ ಕಂಪನಿ ಮುದ್ರೆ ಇರುತ್ತಿತ್ತು. ಆಮೇಲೆ ಬಂದದ್ದು ಹಿಂಗಾಲಲ್ಲಿ ನಿಂತು ಕಿರೀಟ ಹಿಡಿದ ಸಿಂಹ. ಬ್ರಿಟಿಷ್ ಸರ್ಕಾರದ ಸ್ವಂತ ಸೈನ್ಯದ್ದಾದರೆ ಕಿರೀಟದ ಕೆಳಗೆ ರಾಜನ ಅಕ್ಷರ, ‘ಟವರ್’ (ಲಂಡನ್ ಟವರ್) ಎಂಬ ಪದ, ಸರ್ಕಾರದ ಆಸ್ತಿ ಎಂದು ತೋರಿಸುವ ಬಾಣದ ಗುರುತು.

ಇಷ್ಟೆಲ್ಲ ಇದ್ದರೂ ಮೊದಲ ಆಯ್ಕೆಯಾಗಿ ಇದನ್ನು ನಾನು ಯಾಕೆ ಹೇಳುವುದಿಲ್ಲ? ಎರಡು ಕಾರಣ ಇವೆ. ಒಂದು, ಒಂದೇ ಸ್ಥಿತಿಯಲ್ಲಿರುವ ಕೇಪಿನ ಪಿಸ್ತೂಲಿಗಿಂತ ಇದಕ್ಕೆ ಸಾಮಾನ್ಯವಾಗಿ ರೇಟು ಜಾಸ್ತಿ. ಇನ್ನೊಂದು, ರೇಟು ಜಾಸ್ತಿ ಇದ್ದಲ್ಲಿ ಮೋಸವೂ ಜಾಸ್ತಿ. ಇದರಲ್ಲಿ ಒಂದು ಸೂಕ್ಷ್ಮ ಮೋಸವನ್ನು ತಿಳಿದುಕೊಂಡಿರಿ. ಕೇಪು ಬಂದ ಮೇಲೆ ಎಷ್ಟೋ ಚಕಮಕಿ ಪಿಸ್ತೂಲುಗಳನ್ನು ಕೇಪಿಗೆ ಬದಲಾಯಿಸಿದರು. ಅದು ಆ ಕಾಲದ ಸೈನ್ಯವೇ ಮಾಡಿಸಿದ ಕೆಲಸ, ತಪ್ಪೇನಿಲ್ಲ. ಆದರೆ ಚಕಮಕಿಗೆ ಬೆಲೆ ಬಂದಾಗ ವ್ಯಾಪಾರಿಗಳು ಅವನ್ನು ಪುನಃ ಚಕಮಕಿಗೆ ತಿರುಗಿಸಿ ಮಾರತೊಡಗಿದರು. ತಗಡಿನಲ್ಲಿ ಮುಚ್ಚಿದ ತೂತುಗಳ ಗುರುತು, ಉಳಿದ ಕಬ್ಬಿಣಕ್ಕಿಂತ ಹೊಸದಾಗಿ ಕಾಣುವ ಬಟ್ಟಲು, ನಳಿಗೆಯ ಕಿವಿಯ ಸುತ್ತ ಬೇರೆ ಲೋಹದ ಉಂಗುರ ಕಂಡರೆ ಅನುಮಾನ ಪಡಿ. ಹೊಸಬರ ಕಣ್ಣಿಗೆ ಇದು ಬೀಳುವುದು ಕಷ್ಟ. ನನಗೂ ವರ್ಷಗಟ್ಟಲೆ ಬೇಕಾಯಿತು.

ಮಂಗಳೂರಿನವರಿಗೆ ಇನ್ನೊಂದು ಆಕರ್ಷಣೆ ಟಿಪ್ಪುವಿನ ಪಿಸ್ತೂಲು. ಬೋಳೂರಿನ ಸುಲ್ತಾನ್ ಬತ್ತೇರಿ ನೋಡುತ್ತಾ ಬೆಳೆದವರು ನಾವು. 1784ರ ಮಾರ್ಚ್ 11ರ ಒಪ್ಪಂದಕ್ಕೆ ನಮ್ಮ ಊರಿನದೇ ಹೆಸರಿದೆ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಆದ ಪಿಸ್ತೂಲುಗಳ ಮೇಲೆ ಹುಲಿ ಮುಖ, ಹುಲಿ ಪಟ್ಟೆಯ ಕೆತ್ತನೆ ಇರುತ್ತವೆ. ಟಿಪ್ಪು ತಂದ ಮೌಲೂದಿ ಎಂಬ ಕಾಲಗಣನೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಗೊತ್ತಿಲ್ಲದೆ ಎಡದಿಂದ ಓದಿ ಗೊಂದಲಕ್ಕೆ ಬಿದ್ದವರಿದ್ದಾರೆ. ಆದರೆ 2015ರಲ್ಲಿ ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ ಶಸ್ತ್ರಗಳ ಒಂದೇ ಸಂಗ್ರಹ ಸುಮಾರು 60 ಲಕ್ಷ ಪೌಂಡಿಗೆ ಹೋಯಿತು. ಅಂಥ ವಸ್ತು ಯಾರದೋ ಅಂಗಡಿಯ ಮೂಲೆಯಲ್ಲಿ ಹತ್ತಿಪ್ಪತ್ತು ಸಾವಿರಕ್ಕೆ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಶ್ರೀರಂಗಪಟ್ಟಣಕ್ಕೋ ಮೈಸೂರಿಗೋ ಹೋದಾಗ ಕಣ್ತುಂಬ ನೋಡಿ ಬನ್ನಿ, ಸಾಕು.

ಕೇಪಿನ ಪಿಸ್ತೂಲು

ಕೇಪಿನ ಕೋವಿ ಎಂದರೆ ನಮ್ಮ ಘಟ್ಟದ ಬುಡದ ಹಳಬರಿಗೆ ವಿವರಿಸಬೇಕಾಗಿಲ್ಲ. ಮೊಲೆತೊಟ್ಟಿನ ಹಾಗಿನ ಚಿಕ್ಕ ಕೊಳವೆ, ಅದರ ಮೇಲೆ ಟೋಪಿಯಂತೆ ಕೂರುವ ತಾಮ್ರದ ಕೇಪು, ಮೇಲಿನಿಂದ ಬಡಿಯುವ ಕುದುರೆ. ಬಡಿದರೆ ಸಿಡಿಯುವ ಮದ್ದನ್ನು ಕೋವಿಗೆ ಬಳಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದವರು ಅಲೆಕ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಚಕಮಕಿಯ ರಂಜಕ ಫಳ್ ಎಂದು ಹೊತ್ತಿದ ಕೂಡಲೇ ಹಕ್ಕಿಗಳು ಹಾರಿಹೋಗುತ್ತಿದ್ದವು, ಅದೇ ಅವರಿಗೆ ಈ ಯೋಚನೆ ಕೊಟ್ಟಿತು ಎನ್ನುತ್ತಾರೆ. ಮಳೆಯಲ್ಲಿ ಚಕಮಕಿ ಕೈಕೊಡುತ್ತಿತ್ತು, ಕೇಪು ಕೆಲಸ ಮಾಡುತ್ತಿತ್ತು. ಬ್ರಿಟಿಷ್ ಸೈನ್ಯ ಇದಕ್ಕೆ ಪೂರ್ತಿ ಹೊರಳಿದ್ದು 1830ರ ದಶಕದ ಕೊನೆಯಿಂದ 1842ರ ಮಾದರಿ ಬರುವ ಹೊತ್ತಿಗೆ.

ಈ ತಾರೀಕನ್ನು ನಮ್ಮ ಊರಿನ ಕಥೆಗೆ ಜೋಡಿಸಿ ನೋಡಿ. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ರೈತರು ಕಲ್ಯಾಣಪ್ಪನ ಹೆಸರಿನಲ್ಲಿ ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಆ ವರ್ಷ ಕಂಪನಿಯ ಸಿಪಾಯಿಯ ಕೈಯಲ್ಲಿದ್ದದ್ದು ಇನ್ನೂ ಚಕಮಕಿ. ಹಾಗಾಗಿ ಕೇಪಿನ ಪಿಸ್ತೂಲೊಂದನ್ನು ತೋರಿಸಿ ‘ಕಲ್ಯಾಣಪ್ಪನ ಕಾಟಕಾಯಿಯಲ್ಲಿ (ಆ ದಂಗೆಗೆ ಊರಿನವರ ಹೆಸರು) ಬ್ರಿಟಿಷ್ ಸೈನ್ಯ ಬಳಸಿದ್ದು’ ಎಂದು ಯಾರಾದರೂ ಹೇಳಿದರೆ ಕಥೆಯೇ ತಪ್ಪು. ಸಂಗ್ರಹ ಮಾಡುವವನಿಗೆ ಊರಿನ ಇತಿಹಾಸ ಗೊತ್ತಿದ್ದರೆ ಹೀಗೆ ಉಪಯೋಗಕ್ಕೆ ಬರುತ್ತದೆ. ತಾರೀಕು ಗೊತ್ತಿದ್ದವನಿಗೆ ಬೇಗ ಮೋಸ ಆಗುವುದಿಲ್ಲ.

ಹೊಸಬರಿಗೆ ಕೇಪಿನ ಪಿಸ್ತೂಲು ಒಳ್ಳೆಯದು ಎನ್ನುವುದಕ್ಕೆ ಮುಖ್ಯ ಕಾರಣ ಅದರ ಓದು ಸುಲಭ. ಕಂಪನಿಯ ಪಿಸ್ತೂಲಾದರೆ ತಗಡಿನ ಮೇಲೆ ಸಿಂಹದ ಜೊತೆಗೆ ಇಸವಿಯೂ ಇರುವುದುಂಟು. 1858ರಲ್ಲಿ ಕಂಪನಿಯ ಆಡಳಿತ ಹೋಗಿ ರಾಣಿಯ ಆಡಳಿತ ಬಂತು. ಆಮೇಲಿನದರಲ್ಲಿ ಸಿಂಹ ಹೋಗಿ ಕಿರೀಟ, ವಿಕ್ಟೋರಿಯಾಳ ಅಕ್ಷರಗಳು. ಒಂದು ತಗಡನ್ನು ಕೈಯಲ್ಲಿ ಹಿಡಿದರೆ ಆಳುವವರು ಬದಲಾದದ್ದು ಕಾಣುತ್ತದೆ. 1856ರ ಎನ್‌ಫೀಲ್ಡ್ ಸವಾರ ಪಿಸ್ತೂಲು .577 ಬೋರಿನದ್ದು. ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದಿರುತ್ತದೆ. ಅದಕ್ಕೂ ಮೊದಲಿನವು ಒಳಗೆ ನುಣುಪು. ಟಾರ್ಚ್ ಹಾಕಿ ನೋಡಿದರೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಕೊಳ್ಳುವ ಮುಂಚೆ ಕೊಳವೆಯ ತುದಿ ನೋಡಿ. ಖಾಲಿ ಕುದುರೆ ಬಡಿದು ಬಡಿದು ಅದು ಅಣಬೆಯಂತೆ ಚಪ್ಪಟೆಯಾಗಿರುತ್ತದೆ. ಅದಕ್ಕೇ ಯಾರ ಮನೆಯಲ್ಲಿ ನೋಡಲು ಕೊಟ್ಟರೂ ಸುಮ್ನೆ ಟ್ರಿಗರ್ ಎಳೆಯಬೇಡಿ. ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ನಿಧಾನ ಎಳೆಯಿರಿ. ಅರ್ಧದಲ್ಲಿ ಒಮ್ಮೆ ಟಕ್, ಪೂರ್ತಿಗೆ ಇನ್ನೊಮ್ಮೆ ಟಕ್ ಎನ್ನಬೇಕು. ಅರ್ಧದಲ್ಲಿ ನಿಲ್ಲದೆ ಜಾರಿದರೆ ಒಳಗಿನ ಕಚ್ಚು ಸವೆದಿದೆ ಎಂದರ್ಥ. ಆಮೇಲೆ ಹೆಬ್ಬೆರಳು ಬಿಡದೆ ಕುದುರೆಯನ್ನು ಮೆಲ್ಲ ವಾಪಸ್ ಇಳಿಸಿ.

ಚಕಮಕಿಯಿಂದ ಕೇಪಿಗೆ ಆ ಕಾಲದಲ್ಲೇ ಬದಲಾಯಿಸಿದ ಪಿಸ್ತೂಲು ಸಿಕ್ಕಿದರೆ ಬಿಡಬೇಡಿ ಎನ್ನುತ್ತೇನೆ. ಕೆಲವರು ಅದನ್ನು ಕಡಿಮೆ ದರ್ಜೆಯದ್ದೆಂದು ತಳ್ಳುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ. ಎರಡು ಕಾಲ ಒಂದೇ ವಸ್ತುವಿನಲ್ಲಿ ಇದೆ, ಅಲ್ವಾ?

ರಿವಾಲ್ವರ್ ಬೇಡ ಎಂದದ್ದು ಯಾಕೆ?

ಮೊದಲ ಮಹಾಯುದ್ಧದ ಕಥೆ ಓದಿದವರಿಗೆ ಆಸೆ ಆಗುವುದು ವೆಬ್ಲಿ ಎಂಬ ಬ್ರಿಟಿಷ್ ರಿವಾಲ್ವರ್ ಮೇಲೆ. 1915ರ ಮಾರ್ಕ್ 6 ವೆಬ್ಲಿ ದಪ್ಪ, ಭಾರ, ಗಟ್ಟಿ. ಎರಡನೇ ಯುದ್ಧದ ಎನ್‌ಫೀಲ್ಡ್ ನಂಬರ್ 2, ಜರ್ಮನಿಯ ಲೂಗರ್ ಪಿಸ್ತೂಲಿನ ಹೆಸರೂ ಎಲ್ಲರಿಗೂ ಗೊತ್ತು. ಆದರೆ ವೆಬ್ಲಿಯದ್ದು .455, ಎನ್‌ಫೀಲ್ಡಿನದ್ದು .380, ಲೂಗರ್ ಸಾಮಾನ್ಯವಾಗಿ 9 ಎಂ.ಎಂ. ಈ ಮೂರೂ ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮದಲ್ಲಿ ನಿಷೇಧಿತ ಬೋರ್. ಅದರ ಲೈಸೆನ್ಸ್ ಜಿಲ್ಲೆಯಲ್ಲಿ ಸಿಗುವುದಿಲ್ಲ, ಕೇಂದ್ರ ಗೃಹ ಇಲಾಖೆಗೆ ಹೋಗಬೇಕು. ನೂರು ವರ್ಷ ದಾಟಿದೆ ಎಂದ ಮಾತ್ರಕ್ಕೆ ಬೋರ್ ಬದಲಾಗುವುದಿಲ್ಲ, ತೋಟೆ ಹಾಕಿದರೆ ಅದು ಇವತ್ತೂ ಹಾರುತ್ತದೆ. 2019ರ ತಿದ್ದುಪಡಿಯ ನಂತರ ನಿಷೇಧಿತ ಶಸ್ತ್ರ ಅಕ್ರಮವಾಗಿ ಇಟ್ಟುಕೊಂಡರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ಹವ್ಯಾಸಕ್ಕೆ ಹೋಗಿ ಮನೆಯವರನ್ನು ಕೋರ್ಟಿಗೆ ಅಲೆದಾಡಿಸುವ ಹಾಗೆ ಆಗಬಾರದು. ಈ ದಾರಿಗೆ ಇಷ್ಟು ಹೇಳಿದರೆ ಸಾಕು.

ಪಿಸ್ತೂಲಿಗಿಂತ ಮೊದಲು

ಇದು ನಾಲ್ಕನೇ ಆಯ್ಕೆ, ಮತ್ತು ಮೊದಲ ವರ್ಷಕ್ಕೆ ನಾನು ಎಲ್ಲರಿಗೂ ಹೇಳುವ ಆಯ್ಕೆ. ಪಿಸ್ತೂಲಿನ ಸುತ್ತಲಿನ ವಸ್ತುಗಳಿಂದ ಶುರು ಮಾಡಿ. ಕೋಡಿನಿಂದಲೋ ತಾಮ್ರದಿಂದಲೋ ಮಾಡಿದ ಮದ್ದಿನ ಪಾತ್ರೆ, ಕುದುರೆ ಜೀನಿನ ಎರಡೂ ಬದಿ ನೇತಾಡುತ್ತಿದ್ದ ಚರ್ಮದ ಚೀಲ, ಹಳೇ ಚಿತ್ರಗಳು, ರೆಜಿಮೆಂಟಿನ ಗುಂಡಿ. ಇವುಗಳಿಗೆ ಠಾಣೆಯ ತಲೆಬಿಸಿ ಇಲ್ಲ. ಹಳೇ ಲೋಹ, ಹಳೇ ಚರ್ಮ ಕೈಗೆ ಹೇಗೆ ತಾಗುತ್ತದೆ ಎಂದು ಗೊತ್ತಾಗುತ್ತದೆ. ಆ ಅಭ್ಯಾಸ ಆದ ಮೇಲೆ ನಕಲಿ ಪಿಸ್ತೂಲು ಹಿಡಿದ ಕೂಡಲೇ ಬೆರಳಿಗೇ ಏನೋ ಸರಿಯಿಲ್ಲ ಅನಿಸುತ್ತದೆ. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ, ಲೀಡ್ಸ್‌ನ ರಾಯಲ್ ಆರ್ಮರೀಸ್ ತಮ್ಮ ಸಂಗ್ರಹದ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿವೆ. ಊಟ ಆದ ಮೇಲೆ ದಿನಕ್ಕೆ ಒಂದು ಪಿಸ್ತೂಲು ನೋಡಿದರೂ ವರ್ಷಕ್ಕೆ ಎಷ್ಟಾಯಿತು ನೋಡಿ.

ಲೋಹದ ನಕಲು ಪಿಸ್ತೂಲು, ಅಂದರೆ ಹಾರಿಸಲು ಬಾರದ ಅಲಂಕಾರದ ಪ್ರತಿ, ಗೋಡೆಗೆ ಚಂದ. ಆಕಾರ, ಭಾರ ತಿಳಿಯಲು ಪರವಾಗಿಲ್ಲ. ಆದರೆ ಅದನ್ನು ಸಂಗ್ರಹ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ, ಬಜ್ಪೆ ವಿಮಾನ ನಿಲ್ದಾಣದಲ್ಲಿ ಅದನ್ನು ಹಿಡಿದುಕೊಂಡು ಹೋಗಲೇಬೇಡಿ. ದೂರದಿಂದ ನೋಡುವವರಿಗೆ ಅದು ನಿಜದ್ದೇ.

ನಕಲಿ ಗುರುತಿಸುವುದು

ಎಂಟು ವರ್ಷದ ಹಿಂದೆ ಉತ್ತರ ಭಾರತ ಪ್ರವಾಸ ಹೋದಾಗ ಒಂದು ಅಂಗಡಿಯಲ್ಲಿ ‘ಟವರ್ 1857’ ಎಂದು ಬರೆದ ಚಕಮಕಿ ಪಿಸ್ತೂಲು ನೋಡಿದೆ. 1857 ಎಂಬ ಅಂಕಿಯೇ ಸಾಕಾಯಿತು, ಎದೆ ಡವಡವ ಎಂದಿತು. ಕೊಂಡೆ. ಉಡುಪಿಗೆ ತಂದು ಒಂದು ವಾರ ಮೇಜಿನ ಮೇಲಿಟ್ಟು ನೋಡಿದೆ. ಆ ವಾರ ಮನೆಗೆ ಕಪಾಟು ಮಾಡಲು ಬಂದಿದ್ದ ಆಚಾರಿಯವರು ಅದನ್ನು ಕೈಗೆ ತೆಗೆದುಕೊಂಡರು. ಹಿಡಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಪಂಚೆಯ ತುದಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒಂದು ಮೂಲೆ ಉಜ್ಜಿದರು. ಕಂದು ಬಣ್ಣ ಬಟ್ಟೆಗೆ ಬಂತು, ಕೆಳಗೆ ಹೊಸ ಮರ ಬೆಳ್ಳಗೆ ಕಂಡಿತು. ‘ಇದು ನಿಮ್ಮ ಮಗನಿಗಿಂತ ಸಣ್ಣದು’ ಎಂದರು. ಮಗನಿಗೆ ಆಗ ಹನ್ನೊಂದು.

ಆಮೇಲೆ ಕುಳಿತು ಒಂದೊಂದೇ ನೋಡಿದೆ. ಇಸವಿಯೇ ಮೊದಲ ಸುಳ್ಳು. 1857ಕ್ಕೆ ಹದಿನೈದು ವರ್ಷ ಮೊದಲೇ ಸೈನ್ಯ ಕೇಪಿಗೆ ಹೊರಳಿತ್ತು, ಆ ವರ್ಷ ಟವರ್ ಗುರುತಿನ ಹೊಸ ಚಕಮಕಿ ಪಿಸ್ತೂಲು ಯಾಕೆ ಮಾಡುತ್ತಾರೆ? ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ, ಗುದ್ದಿದ ಅಂಚು ಚೂಪಾಗಿ ಬೆರಳಿಗೆ ತಾಗುತ್ತಿತ್ತು. ನಿಜವಾದ ಹಳೆಯದರಲ್ಲಿ ಅಂಚುಗಳು ಉಜ್ಜಿ ಉಜ್ಜಿ ಮೆತ್ತಗಾಗಿರುತ್ತವೆ. ತಿರುಪುಗಳು ಇವತ್ತಿನ ಮಿಷನ್ನಿನವು. ತುಕ್ಕು ಎಲ್ಲ ಕಡೆ ಒಂದೇ ಸಮ ಇತ್ತು, ಆಸಿಡ್ ಹಾಕಿದ್ದು. ಸಹಜವಾದ ತುಕ್ಕು ಹಾಗಿರುವುದಿಲ್ಲ. ಕೈ ತಾಗುವಲ್ಲಿ ಕಡಿಮೆ, ಮರಕ್ಕೂ ಲೋಹಕ್ಕೂ ನಡುವಿನ ಸಂದಿನಲ್ಲಿ ಜಾಸ್ತಿ. ಕೊನೆಗೆ ಕುದುರೆ ಬಿಟ್ಟಾಗ ಕಲ್ಲು ಉಕ್ಕಿನ ಹಲಗೆಗೆ ತಾಗುತ್ತಲೇ ಇರಲಿಲ್ಲ. ನಳಿಗೆಯ ಕಿವಿಯನ್ನು ಪೂರ್ತಿ ಕೊರೆದೇ ಇರಲಿಲ್ಲ. ಕೆಲಸ ಮಾಡಲೆಂದು ಹುಟ್ಟಿದ ವಸ್ತುವೇ ಅಲ್ಲ.

ಬ್ರಿಟಿಷ್ ಸೈನ್ಯದ ಪಿಸ್ತೂಲಿನ ಹಿಡಿ ಬಹುತೇಕ ವಾಲ್‌ನಟ್ ಮರದ್ದು. ತೇಗ, ಬೀಟೆ ನೋಡಿ ಬೆಳೆದ ನಮಗೆ ಇದರ ವ್ಯತ್ಯಾಸ ಕಲಿಯುವುದು ಕಷ್ಟ ಅಲ್ಲ. ಊರಿನ ಹಳೇ ಆಚಾರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಅರ್ಧ ಕೆಲಸ ಆಯಿತು.

ಕಾಗದಪತ್ರ

ಇಲ್ಲಿ ಅವಸರ ಮಾಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೇ ಮಾದರಿಯ, ಪುರಾತನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಒಂದು ಷರತ್ತು ಇದೆ. ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಹಾರಿಸಲು ಬಾರದಂತಿರಬೇಕು. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಇಲಾಖೆ ನಿಯಮ ತಿದ್ದಿ, ‘ಕ್ಯೂರಿಯೋ’ (ಸಂಗ್ರಹಕ್ಕಷ್ಟೇ ಬೆಲೆಯುಳ್ಳ ಅಪರೂಪದ ವಸ್ತು) ವರ್ಗಕ್ಕೆ ಬರುವ ಸಣ್ಣ ಆಯುಧ ಕೊಳ್ಳಲು, ಇಟ್ಟುಕೊಳ್ಳಲು ಭಾರತದ ಪ್ರಜೆಗೆ ಲೈಸೆನ್ಸ್ ಬೇಡ ಎಂದಿತು. ಬಳಸಲು, ಹೊತ್ತೊಯ್ಯಲು, ಸಾಗಿಸಲು ಮಾತ್ರ ಲೈಸೆನ್ಸ್ ಬೇಕೇ ಬೇಕು. ಅಂದರೆ ಬೆಂಗಳೂರಿನಲ್ಲಿ ಕೊಂಡದ್ದನ್ನು ಬ್ಯಾಗಿನಲ್ಲಿ ಹಾಕಿ ರಾತ್ರಿ ಬಸ್ಸು ಹತ್ತುವ ಹಾಗಿಲ್ಲ.

ನಿಮ್ಮ ಕೈಯಲ್ಲಿರುವ ವಸ್ತು ಈ ವರ್ಗಕ್ಕೆ ಸೇರುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ನೀವೂ ಅಲ್ಲ, ಮಾರುವವನೂ ಅಲ್ಲ. ಮಂಗಳೂರು ನಗರದವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಉಡುಪಿಯವರು ಮತ್ತು ಹೊರ ತಾಲೂಕಿನವರು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಕೊಳ್ಳುವ ಮೊದಲೇ, ಚಿತ್ರ ಮತ್ತು ಅಳತೆ ಕೊಟ್ಟು ಬರಹದಲ್ಲಿ ಕೇಳಿ. ಬಾಯಿಮಾತಿನ ‘ಪರವಾಗಿಲ್ಲ’ ಬೇಡ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ನನ್ನ ಮೊದಲ ಕೇಪಿನ ಪಿಸ್ತೂಲಿಗೆ ನಾನು ಕಾದದ್ದು ಹದಿನಾಲ್ಕು ತಿಂಗಳು. ಆ ಪತ್ರ ಇವತ್ತೂ ಪ್ಲಾಸ್ಟಿಕ್ ಹಾಳೆಯೊಳಗೆ ಪಿಸ್ತೂಲಿನ ಜೊತೆಗೇ ಇದೆ. ಅದನ್ನು ನೋಡಿದಾಗ ಆಗುವ ಸಮಾಧಾನಕ್ಕೆ ಬೆಲೆ ಕಟ್ಟಲು ಆಗದು.

ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತು ಕಾಯ್ದೆಯೂ ಅನ್ವಯಿಸುತ್ತದೆ. ಅದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಇರಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವ ಹಾಗಿಲ್ಲ. ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುವ ತಮ್ಮನಿಗೆ ಉಡುಗೊರೆ ಎಂದು ಕೊಟ್ಟು ಕಳಿಸಿದರೂ ಅದು ಅಪರಾಧವೇ.

ಅಟ್ಟದಲ್ಲಿ ಸಿಕ್ಕಿದರೆ

ಗುತ್ತಿನ ಮನೆಗಳಲ್ಲಿ, ಹಳೇ ಪಟೇಲರ ಮನೆಗಳಲ್ಲಿ ರಿಪೇರಿಗೆ ಮಾಡು (ಛಾವಣಿ) ಬಿಚ್ಚುವಾಗ ಇಂಥ ವಸ್ತು ಸಿಗುವುದುಂಟು. ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ, ಏಕೆಂದರೆ ವಸ್ತುವಿನ ಜೊತೆ ಮನೆಯ ಕಥೆಯೂ ಸಿಗುತ್ತದೆ. ಅಜ್ಜಿಯೋ ದೊಡ್ಡಮ್ಮನೋ ನೆನಪಿಟ್ಟದ್ದನ್ನು ಆ ದಿನವೇ ಬರೆದಿಟ್ಟುಕೊಳ್ಳಿ. ಆದರೆ ಮುಟ್ಟುವ ಮೊದಲು ಒಂದು ವಿಷಯ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ, ಪಿಸ್ತೂಲುಗಳನ್ನು ಹಿಂದಿನವರು ತುಂಬಿಯೇ ಇಟ್ಟುಬಿಡುತ್ತಿದ್ದರು. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಸಾಯುವುದಿಲ್ಲ.

ಕಾರ್ಕಳದ ಹತ್ತಿರ ಗೆಳೆಯನ ಮನೆಯಲ್ಲಿ ಹೀಗೊಂದು ಕೇಪಿನ ಪಿಸ್ತೂಲು ಸಿಕ್ಕಿತು. ಕೇಪು ಇಲ್ಲವೆಂದು ನೋಡಿಕೊಂಡು, ಬಾಯಿಯನ್ನು ಅಂಗಳದ ಮಣ್ಣಿನ ದಿಣ್ಣೆಯ ಕಡೆ ಇಟ್ಟು, ಬದಿಯಲ್ಲಿ ನಿಂತು, ತೆಳ್ಳಗಿನ ಅಡಕೆ ಸಲಾಕೆಯೊಂದನ್ನು ನಳಿಗೆಯೊಳಗೆ ಮೆಲ್ಲ ಇಳಿಸಿದೆವು. ನಿಂತ ಕಡೆ, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ ಹೊರಗೆ ತೆಗೆದೆವು. ಅದೇ ಸಲಾಕೆಯನ್ನು ನಳಿಗೆಯ ಹೊರಮೈಗೆ ಹಿಡಿದು, ಗುರುತನ್ನು ಬಾಯಿಗೆ ಸಮ ಮಾಡಿದಾಗ ತುದಿ ಕೊಳವೆಯ ತನಕ ಬರಬೇಕಿತ್ತು. ಎರಡು ಬೆರಳು ಹಿಂದೆಯೇ ನಿಂತಿತು. ಒಳಗೆ ಏನೋ ಇತ್ತು. ಮುಂದೆ ನಾವು ಏನನ್ನೂ ಕುಟ್ಟಲಿಲ್ಲ, ಕೆದಕಲಿಲ್ಲ. ಠಾಣೆಗೆ ತಿಳಿಸಿದೆವು. ಗೊತ್ತಿದ್ದವರು ಬಂದು ಬಿಡಿಸಿದಾಗ ಹಳೇ ನಾರಿನ ಉಂಡೆ, ಸೀಸದ ಗುಂಡು, ಹೆಬ್ಬೆರಳಿನಷ್ಟು ಕರಿಮದ್ದು ಹೊರಬಂತು. ಆ ಪಿಸ್ತೂಲನ್ನು ಹಿಡಿದು ಮಕ್ಕಳು ಎಷ್ಟೋ ವರ್ಷ ಆಡಿದ್ದರಂತೆ.

ಮಳೆಗಾಲ

ಬೇರೆ ಊರಿನವರು ಬರೆದ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಸಮುದ್ರದ ಉಪ್ಪುಗಾಳಿ ಬೇರೆ. ಆಟಿ ತಿಂಗಳ ಮಳೆಯಲ್ಲಿ ಬೆಲ್ಟಿಗೆ, ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಕಬ್ಬಿಣ ಉಳಿಸುವುದು ದಿನದ ಕೆಲಸ.

ತೆಂಗಿನೆಣ್ಣೆ ಹಚ್ಚಬೇಡಿ. ನಾನು ಹಚ್ಚಿ ಹಾಳು ಮಾಡಿಕೊಂಡಿದ್ದೇನೆ. ಎರಡು ತಿಂಗಳಲ್ಲಿ ಅದು ಅಂಟಾಗಿ, ಕಮಟು ವಾಸನೆ ಹಿಡಿದು, ಧೂಳೆಲ್ಲ ಕೂತು, ಅದರ ಕೆಳಗೆ ತುಕ್ಕು ಚುಕ್ಕೆ ಎದ್ದಿತ್ತು. ತೆಳುವಾದ ಖನಿಜ ಎಣ್ಣೆ ಒಂದು ಹನಿ ಸಾಕು. ಅದಕ್ಕಿಂತಲೂ ಒಳ್ಳೆಯದು ಮ್ಯೂಸಿಯಂನವರು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ. ಹತ್ತಿ ಬಟ್ಟೆಯಲ್ಲಿ ಚೂರೇ ಚೂರು ತೆಗೆದುಕೊಂಡು ಲೋಹಕ್ಕೂ ಮರಕ್ಕೂ ಸವರಿ ಉಜ್ಜಬೇಕು. ಮಳೆಗಾಲಕ್ಕೆ ಮೊದಲು ಒಮ್ಮೆ, ನವರಾತ್ರಿಗೆ ಮೊದಲು ಒಮ್ಮೆ.

ಹಿತ್ತಾಳೆ ಭಾಗಕ್ಕೆ ಹುಣಸೆಹುಳಿ ಹಾಕಿ ಬೆಳಗಿಸಬೇಡಿ. ದೀಪಕ್ಕೆ, ಚೆಂಬಿಗೆ ಅದು ಸರಿ. ಇಲ್ಲಿ ಇನ್ನೂರು ವರ್ಷದಲ್ಲಿ ಬಂದ ಕಂದು ಬಣ್ಣವೇ ವಸ್ತುವಿನ ವಯಸ್ಸಿಗೆ ಸಾಕ್ಷಿ, ಒಂದು ಮಧ್ಯಾಹ್ನದಲ್ಲಿ ಅದನ್ನು ತೊಳೆದು ಕಳೆದುಕೊಳ್ಳುತ್ತೀರಿ. ಆಯುಧ ಪೂಜೆಗೆ ಇಡುವುದಾದರೆ ಗಂಧ, ಕುಂಕುಮವನ್ನು ನೇರ ಲೋಹಕ್ಕೆ ಹಚ್ಚದೆ, ಕೆಳಗಿನ ಮಣೆಗೆ ಹಚ್ಚಿ. ಒದ್ದೆ ಗಂಧ ಒಣಗುವಾಗ ದುಂಡಗಿನ ತುಕ್ಕು ಗುರುತು ಬಿಡುತ್ತದೆ, ಆಮೇಲೆ ಅದು ಹೋಗುವುದಿಲ್ಲ.

ಹಳೇ ಚರ್ಮದ ಚೀಲ ಸಿಕ್ಕಿದೆಯೆಂದು ಪಿಸ್ತೂಲನ್ನು ಅದರೊಳಗೇ ಇಡಬೇಡಿ. ಚರ್ಮ ತೇವ ಹೀರಿ ಲೋಹಕ್ಕೆ ಕೊಡುತ್ತದೆ. ಎರಡನ್ನೂ ಬೇರೆ ಬೇರೆ ಇಡಿ. ಬೀಗ ಹಾಕುವ ಕಬ್ಬಿಣದ ಕಪಾಟು, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಪುನಃ ನೀಲಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಜುಲೈಯಲ್ಲಿ ನನ್ನ ಮನೆಯಲ್ಲಿ ಈ ಕೆಲಸ ವಾರಕ್ಕೊಮ್ಮೆ.

ಈ ವಿಷಯದಲ್ಲೂ ಚಕಮಕಿಗಿಂತ ಕೇಪಿನದ್ದು ಸ್ವಲ್ಪ ಸುಲಭ. ಬಟ್ಟಲು, ಹಲಗೆ, ಹೊರಗಿನ ಸ್ಪ್ರಿಂಗ್ ಇಲ್ಲದ ಕಾರಣ ತೇವ ನಿಲ್ಲುವ ಸಂದುಗಳು ಕಡಿಮೆ. ಕೊಳವೆಯ ಬುಡವನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಮೆತ್ತಗೆ ಉಜ್ಜಿ, ಒರೆಸಿ, ಮೇಣ ಹಚ್ಚಿದರೆ ಆಯಿತು. ನನ್ನದರ ತಗಡಿನ ಮೇಲೆ ಸಿಂಹ ಇದೆ, ಕೆಳಗೆ 1845. ಪ್ರತಿ ಸಲ ಒರೆಸುವಾಗ ಬಟ್ಟೆ ಆ 5ರ ಬಾಲಕ್ಕೆ ಸ್ವಲ್ಪ ಸಿಕ್ಕಿಹಾಕಿಕೊಳ್ಳುತ್ತದೆ.